ಅಪ್ಪ ಹಣೆಗಿಟ್ಟ ಗುಡ್ಡ

ಹೋದ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನಮ್ಮಪ್ಪ ಚಿಕ್ಕನಾಯಕನಹಳ್ಳಿ ಕಡೆಯ ಒಂದು ಗುಡ್ಡವನ್ನು ಹಣೆಗೆ ಬಳಿದುಕೊಂಡರು.

ಇಡೀ ಗುಡ್ಡ ಅಲ್ಲ, ಅದರ ಒಂದು ಚೂರು. ಮೂರು ಬೆರಳಲ್ಲಿ ಹಣೆಗೆ ಮೂರು ಪಟ್ಟೆ. ಆಮೇಲೆ ಎರಡು ತೋಳಿಗೆ. ಆಮೇಲೆ ಎದೆಗೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ (ತಿಪಟೂರು ಬಸ್ ಸ್ಟ್ಯಾಂಡಿನ ಒಣಗಿದ ನಲ್ಲಿಯ ಪುರಾಣ ಇನ್ನೂ ಬಾಕಿ ಇದೆ). ಆದರೆ ಅಪ್ಪ ಆ ಗುಡ್ಡವನ್ನು ಓಣಿಯ ಅರ್ಧ ಜನರ ಅಂಗೈಗೂ ಹಾಕಿದರು. ಅವರೂ ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಂಡರು. ಎಲ್ಲರಿಗಿಂತ ಹೆಚ್ಚಾಗಿ ಸಂಕಟಪಟ್ಟವಳು ಆ ಪುಡಿ ಮಾಡಿದವಳು. ಅವಳು ಅಲ್ಲೇ ಬಾಗಿಲ ಪಕ್ಕದಲ್ಲಿ ನಿಂತಿದ್ದಳು.

ಇರಿ, ಮೊದಲಿಂದ ಹೇಳುತ್ತೇನೆ.

ನಮ್ಮ ತವರು ಹಾಲ್ಕುರಿಕೆ. ನಾನು ತಿಪಟೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಹೇಳಿಕೊಟ್ಟುಕೊಂಡು ಇದ್ದೇನೆ ಅನ್ನೋದು ನಿಮಗೆಲ್ಲ ಗೊತ್ತು. ಶನಿವಾರ ಮಧ್ಯಾಹ್ನ ಸ್ಕೂಲು ಮುಗಿದರೆ ಬಸ್ ಹತ್ತಿ ತವರಿಗೆ. ಸೋಮವಾರ ಬೆಳಿಗ್ಗೆ ಅಪ್ಪನ ಪೂಜೆ ಮುಗಿದ ಮೇಲೆ ವಾಪಸ್ಸು. ಪೂಜೆ ತಪ್ಪಿಸಿ ಬಸ್ ಹತ್ತುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ.

ನಮ್ಮಪ್ಪ ಎಪ್ಪತ್ತು ದಾಟಿದವರು. ತೆಂಗಿನ ತೋಟ, ಪೂಜೆ, ಟ್ರಾನ್ಸಿಸ್ಟರ್, ಇಷ್ಟೇ ಅವರ ಪ್ರಪಂಚ. ಆದರೆ ಊರಲ್ಲಿ ಅವರಿಗೆ ಹೆಸರು ಬಂದಿರುವುದು ತೋಟದಿಂದಲ್ಲ, ವಿಭೂತಿಯಿಂದ. ವರ್ಷಕ್ಕೊಂದು ಸಲ ತಾವೇ ಮಾಡುತ್ತಾರೆ. ನಾಟಿ ಹಸುವಿನ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಿ, ಹೊಟ್ಟಿನಲ್ಲಿ ಸುಟ್ಟು, ಬಂದ ಬೂದಿಯನ್ನು ನೀರಲ್ಲಿ ಕದಡಿ, ಹಳೇ ಪಂಚೆಯಲ್ಲಿ ಸೋಸುತ್ತಾರೆ. ತಳಕ್ಕೆ ಕೂತ ತರಿಯನ್ನು ಬಿಟ್ಟು ಮೇಲಿನ ಬೂದಿನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಮತ್ತೆ ಕೂರಲು ಬಿಡುತ್ತಾರೆ. ಕೊನೆಗೆ ಉಳಿಯುವುದು ಬೆರಳಿಗೆ ಸಿಕ್ಕಿತೋ ಇಲ್ಲವೋ ಅನ್ನುವಷ್ಟು ನಯವಾದ ಪುಡಿ. ಮಗುವಿಗೆ ಜ್ವರ ಬಂದರೂ ದನ ಮೇವು ಬಿಟ್ಟರೂ ಓಣಿಯವರು ಬಂದು ಒಂದು ಚಿಟಿಕೆ ಇಸಿದುಕೊಂಡು ಹೋಗುತ್ತಾರೆ.

ಇದರಲ್ಲಿ ನಮ್ಮ ಮನೆಯದೇ ಒಂದು ಪದ್ಧತಿ ಇದೆ. ಹೊಸ ವಿಭೂತಿಗೆ ಹಳೆಯದರ ಒಂದು ಚಿಟಿಕೆ ಬೆರೆಸಲೇಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೋದ ವರ್ಷದ್ದು ಈ ವರ್ಷಕ್ಕೆ, ಅದಕ್ಕೂ ಹಿಂದಿನದು ಹೋದ ವರ್ಷಕ್ಕೆ. ಹೀಗೆ ಲೆಕ್ಕ ಹಾಕಿದರೆ ನಮ್ಮಪ್ಪನ ಹಣೆಯಲ್ಲಿ ಅವರ ಮುತ್ತಾತನ ಬೂದಿಯೂ ಒಂದು ಕಣ ಇರಬೇಕು.

ಈ ಕೆಲಸದಲ್ಲಿ ಪಂಚೆಯ ಒಂದು ತುದಿ ಅಪ್ಪನ ಕೈಯಲ್ಲಿ. ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಮ್ಮ ಅಣ್ಣನ ಮಗಳು ವಿಶಾಲಾಕ್ಷಿ. ಲಂಗ ಹಾಕುತ್ತಿದ್ದ ಕಾಲದಿಂದ ಅದು ಅವಳದೇ ಕೆಲಸ. ಬೇರೆ ಯಾರು ಹಿಡಿದರೂ ಅಪ್ಪನಿಗೆ ಸರಿಹೋಗುತ್ತಿರಲಿಲ್ಲ. "ವಿಶಾಲೂ, ಬಾರವ್ವ" ಅಂತ ಒಂದು ಕೂಗು ಹಾಕಿದರೆ ಮುಗಿಯಿತು, ಅವಳು ಹೋಂವರ್ಕ್ ಬಿಟ್ಟು ಓಡಿಬರುತ್ತಿದ್ದಳು.

ಆ ಕೂಗು ನಿಂತು ಎರಡು ವರ್ಷವಾಗಿತ್ತು.

ವಿಶಾಲು ಮೈಸೂರಿನಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡಿದಳು. ಅಲ್ಲಿಯ ತನಕ ಅಪ್ಪನಿಗೇ ಹೆಮ್ಮೆ. ಆಮೇಲೆ ಉತ್ತರದ ಕಡೆಯ ಒಂದು ದೊಡ್ಡ ಲ್ಯಾಬಿನಲ್ಲಿ ರಿಸರ್ಚಿಗೆ ಸೀಟು ಸಿಕ್ಕಿತು. ಎರಡು ರಾತ್ರಿ ರೈಲಿನಲ್ಲಿ ಕೂರಬೇಕು. "ಅಲ್ಲೇನವ್ವ ಕೆಲ್ಸ?" ಅಂದರು ಅಪ್ಪ. "ಮಣ್ಣು ನೋಡೋದು ತಾತ. ಚಂದ್ರನ ಮೇಲಿಂದ ತಂದಿರೋ ಮಣ್ಣು" ಅಂದಳು ಇವಳು, ಇದ್ದದ್ದನ್ನು ಇದ್ದ ಹಾಗೆ.

ಒಂದು ಸುಳ್ಳು ಹೇಳಬಾರದಿತ್ತೇ? ಬ್ಯಾಂಕು, ಆಫೀಸು ಅನ್ನಬಾರದಿತ್ತೇ?

"ಮಣ್ಣು ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ ತೋಟದಾಗೆ ಇಲ್ವಾ ಮಣ್ಣು?" ಅಂದುಬಿಟ್ಟರು ಅಪ್ಪ. ಹೋಗಬೇಡ ಅಂದರು. ಅವಳು ಹೋಗುತ್ತೇನೆ ಅಂದಳು. ಹೊರಡುವ ದಿನ ಕಾಲಿಗೆ ಬೀಳಲು ಹೋದರೆ ಅಪ್ಪ ಗೋಡೆಯ ಕಡೆ ತಿರುಗಿ ಕೂತರು. ಆವತ್ತಿನಿಂದ ಅವಳು ರಜೆಗೆ ಬಂದರೂ ಮಾತಿಲ್ಲ. ನಮ್ಮ ಅತ್ತಿಗೆಯನ್ನು ಕರೆದು "ಬಂದೋರು ಉಂಡ್ರಾ?" ಅಂತ ಕೇಳುತ್ತಿದ್ದರು. ಸ್ವಂತ ಮೊಮ್ಮಗಳು "ಬಂದೋರು". ಹೆಸರನ್ನೇ ಎತ್ತುತ್ತಿರಲಿಲ್ಲ.

ಅವಳು ಪ್ರತಿ ಸಲ ಬಂದಾಗಲೂ ಊಟಕ್ಕೆ ಕೂತವಳು ನಡುಮನೆಯ ಕಡೆ ಒಂದು ಕಿವಿ ಇಟ್ಟುಕೊಂಡೇ ಇರುತ್ತಿದ್ದಳು. ನಾನು ಅದನ್ನು ನೋಡಲಾರದೆ ಅಪ್ಪನ ಜೊತೆ ಎರಡು ಸಲ ಜಗಳವಾಡಿದೆ. ಅವರು ಟ್ರಾನ್ಸಿಸ್ಟರ್ ಜೋರು ಮಾಡಿದರು.

ಈಗ ಆ ಮಣ್ಣಿನ ವಿಷಯ. ನಾನು ಕನ್ನಡದ ಮೇಡಂ, ವಿಜ್ಞಾನ ನನಗೆ ದೂರ. ವಿಶಾಲು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ನಮ್ಮ ಅತ್ತಿಗೆ ರೊಟ್ಟಿ ಹಾಕುವ ಮೊದಲು ಹಂಚಿನ ಪಕ್ಕಕ್ಕೆ ಅಂಗೈ ಹಿಡಿಯುತ್ತಾರೆ. ಮುಟ್ಟುವುದಿಲ್ಲ. ಹಂಚು ಕೆಂಪಗೂ ಆಗಿರುವುದಿಲ್ಲ. ಆದರೂ ಕಾದಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಹಂಚಿನಿಂದ ಒಂದು ಬೆಳಕು ಹೊರಟು ಕೈಗೆ ಬಂದಿರುತ್ತದೆಯಂತೆ. ಕಣ್ಣಿಗೆ ಕಾಣದ ಬೆಳಕು. ಕೆಂಪಿಗಿಂತ ಆಚೆ ಇರುವುದರಿಂದ ಅವಕೆಂಪು ಅಂತ ಪುಸ್ತಕದ ಹೆಸರು, ಅವರ ಲ್ಯಾಬಿನಲ್ಲಿ ಇನ್‌ಫ್ರಾರೆಡ್. ಯಾವುದೇ ವಸ್ತುವಿನ ಮೇಲೆ ಈ ಬೆಳಕು ಬಿಟ್ಟರೆ ಸ್ವಲ್ಪ ನುಂಗುತ್ತದೆ, ಸ್ವಲ್ಪ ವಾಪಸ್ಸು ಕೊಡುತ್ತದೆ. ಎಲ್ಲೆಲ್ಲಿ ನುಂಗಿತು ಅನ್ನುವುದನ್ನು ಮಿಷನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತದೆ. ನುಂಗಿದ ಕಡೆ ಗೆರೆಯಲ್ಲಿ ಗುಳಿ. ಒಂದೊಂದು ಕಲ್ಲಿಗೆ ಒಂದೊಂದು ಥರದ ಗುಳಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪುಡಿಗಳನ್ನು ಆ ಗೆರೆ ಬೇರೆ ಬೇರೆ ಮಾಡಿ ತೋರಿಸುತ್ತದೆ.

ಅವರ ಲ್ಯಾಬಿಗೆ ಹೊರದೇಶದಿಂದ ಚಂದ್ರನ ಮಣ್ಣು ಸಾಲವಾಗಿ ಬಂದಿದೆ. ಒಂದು ಚಿಕ್ಕ ಸೀಸೆಯಲ್ಲಿ ನಾಲ್ಕು ಚಿಟಿಕೆಯಷ್ಟು. ತೂಗಿ ಕೊಟ್ಟಿದ್ದಾರೆ, ತೂಗಿ ವಾಪಸ್ಸು ತೆಗೆದುಕೊಳ್ಳುತ್ತಾರೆ. ಹಾಗಾಗಿ ಯಾರೆಂದರೆ ಅವರು ಮುಟ್ಟುವಂತಿಲ್ಲ. ಅವಳ ಗೈಡ್ ಒಂದು ಪರೀಕ್ಷೆ ಇಟ್ಟರು. ಎಲ್ಲ ವಿದ್ಯಾರ್ಥಿಗಳೂ ರಜೆಗೆ ಹೋದಾಗ ಅವರವರ ಸೀಮೆಯ ಕಪ್ಪು ಕಲ್ಲು ತರಬೇಕು. ಅದನ್ನು ಚಂದ್ರನ ಮಣ್ಣಿನಷ್ಟೇ ನಯವಾಗಿ ಪುಡಿ ಮಾಡಿ, ಬೇರೆ ಏನೂ ಬೆರೆಯದ ಹಾಗೆ, ನೀರಿನ ಪಸೆ ಇಲ್ಲದ ಹಾಗೆ ಒಣಗಿಸಿ, ರಜೆ ಮುಗಿದ ದಿನ ಮೇಜಿನ ಮೇಲೆ ಇಡಬೇಕು. ಯಾರ ಪುಡಿಯ ಗೆರೆ ಶುದ್ಧವಾಗಿ ಬರುತ್ತದೋ ಅವರಿಗೆ ಸೀಸೆ ತೆರೆಯುವ ಮೊದಲ ಸರದಿ. ಇಡದವರಿಗೆ ಈ ಸಲ ಇಲ್ಲ. ಮುಂದಿನ ಸಲ ಮಣ್ಣು ಬರುವುದು ಯಾವಾಗಲೋ, ಬರುತ್ತದೋ ಇಲ್ಲವೋ.

ತಾತನ ಮಾತು ಮೀರಿ ಹೋದವಳಿಗೆ ಆ ಸರದಿ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕೆ?

ಶೆಟ್ಟಿಕೆರೆ ಮೇಲೆ ಹೋಗುವ ಬಸ್ ಹತ್ತಿ ಚಿಕ್ಕನಾಯಕನಹಳ್ಳಿ ಗುಡ್ಡದಿಂದ ಒಂದು ಚೀಲ ಕರಿಕಲ್ಲು ಹೊತ್ತು ತಂದಳು. ಕಂಡಕ್ಟರ್ ಚೀಲ ಎತ್ತಿ ನೋಡಿ "ಏನಮ್ಮ, ಮನೆ ಕಟ್ಟುಸ್ತಿದೀರಾ?" ಅಂದನಂತೆ. ಹಿತ್ತಿಲಲ್ಲಿ ಕೂತು ಸುತ್ತಿಗೆಯಲ್ಲಿ ಒಡೆದು, ಲ್ಯಾಬಿನಿಂದ ತಂದ ಅಂಗೈಯಗಲದ ಕಲ್ಲೊರಳಿನಲ್ಲಿ ಅರೆದಳು. ರಜೆಯೆಲ್ಲ ಅದೇ ಕೆಲಸ. ಅರೆದದ್ದನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕೂರಿಸಿ, ಬಗ್ಗಿಸಿ, ಮತ್ತೆ ಕೂರಿಸಿ. ಎಲ್ಲಿ ಕಲಿತಳು ಇದನ್ನು ಅಂತ ಕೇಳಿದರೆ ನಕ್ಕಳು. "ನಮ್ ಲ್ಯಾಬಲ್ಲೂ ಹಿಂಗೇ ಮಾಡೋದು ಅತ್ತೆ. ಬೇರೆಯೋರಿಗೆ ಒಂದು ತಿಂಗಳು ಕಲಿಸಿದ್ರು. ನಂಗೆ ಬೇಕಾಗ್ನಿಲ್ಲ."

ಇದೆಲ್ಲ ಅಪ್ಪನ ಕಣ್ಣಿಗೆ ಬೀಳದೆ ಇರುತ್ತದೆಯೇ? ಹಿತ್ತಿಲ ಬಾಗಿಲಿನಿಂದ ಕಂಡೂ ಕಾಣದ ಹಾಗೆ ಹಾದುಹೋಗುತ್ತಿದ್ದರು. ಕಲ್ಲು ಒಡೆಯುವಾಗ ತೋಟದಲ್ಲಿದ್ದರು. ಅವರು ಕಂಡದ್ದು ಹಳೇ ಪಂಚೆ, ಅಗಲ ಬಾಯಿಯ ಪಾತ್ರೆ, ಬೂದಿ ಬಣ್ಣದ ನೀರು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಮೊಮ್ಮಗಳು. ನೀವಾಗಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ?

ಪುಡಿ ಸಿದ್ಧವಾಯಿತು. ಇನ್ನು ಅದನ್ನು ಒಣಗಿರುವ ಜಾಗದಲ್ಲಿ ಇಡಬೇಕು. ನೀರಿನ ಪಸೆ ಇದ್ದರೆ ಆ ಕಾಣದ ಬೆಳಕನ್ನೆಲ್ಲ ನೀರೇ ನುಂಗಿಬಿಡುತ್ತದಂತೆ. ನಮ್ಮ ಸೀಮೆಯ ಮನೆಯಲ್ಲಿ ಎಲ್ಲಕ್ಕಿಂತ ಒಣ ಜಾಗ ಯಾವುದು? ಅಡುಗೆಮನೆಯ ಮೇಲಿನ ಅಟ್ಟ. ಕೊಬ್ಬರಿಗೆ ಅಂತ ಹಾಕಿದ ಕಾಯಿ ಅಲ್ಲಿ ವರ್ಷ ಕಳೆಯುತ್ತದೆ. ಒಳಗಿನ ನೀರು ಪೂರ್ತಿ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವ ತನಕ ಕೆಳಗಿನ ಒಲೆ ಬಿಸಿ ಕಳಿಸುತ್ತಲೇ ಇರುತ್ತದೆ. ವಿಶಾಲು ಅವರಮ್ಮನ ಹತ್ತಿರ ಒಂದು ಸ್ಟೀಲ್ ಡಬ್ಬಿ ಇಸಿದುಕೊಂಡು, ಪುಡಿ ತುಂಬಿ, ಅಟ್ಟದ ಮೂಲೆಯಲ್ಲಿ ಇಟ್ಟಳು.

ಅಪ್ಪ ವಿಭೂತಿಯ ಡಬ್ಬಿ ಇಡುವುದೂ ಅಲ್ಲೇ.

ಆ ಸೋಮವಾರ ಪೂಜೆಗೆ ಓಣಿಯವರು ಸೇರಿದ್ದರು. ಅಪ್ಪ ಹೊಸ ಡಬ್ಬಿ ಮುಂದಿಟ್ಟುಕೊಂಡರು. ಹಳೇ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಹೊಸದಕ್ಕೆ ಹಾಕಿ, ಬೆರಳಲ್ಲಿ ಚೆನ್ನಾಗಿ ಬೆರೆಸಿದರು. ನನಗೆ ಡಬ್ಬಿಯ ಗುರುತು ಸಿಕ್ಕಿತು. ತಿರುಗಿ ನೋಡಿದೆ. ಬಾಗಿಲ ಹತ್ತಿರ ವಿಶಾಲು ಮರದ ಹಾಗೆ ನಿಂತಿದ್ದಳು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕೊಬ್ಬರಿ ಮಂಡಿಯ ನಂಜಪ್ಪ ಅಂಗೈ ನೋಡಿಕೊಂಡು, "ಏನ್ ಗೌಡ್ರೇ, ಈ ಸಲ ಬಣ್ಣ ಒಂಚೂರು ಕಮ್ಮಿ ಬಿಳುಪು?" ಅಂದರು.

ಅಪ್ಪ ಅಂದರು, "ಸಗಣಿ ಇನ್ನೊಂಚೂರು ಬೇಯ್ಬೇಕಿತ್ತು. ಕಲೀತಾಳೆ ಬುಡು. ಆದ್ರೆ ನಯ ನೋಡು, ನಯ! ನಮ್ಮ ವಿಶಾಲು ಮಾಡಿದ್ದು ಕಣಪ್ಪ."

ನಮ್ಮ ವಿಶಾಲು.

ಎರಡು ವರ್ಷದ ಮೇಲೆ ಆ ಹೆಸರು ಆ ಬಾಯಿಂದ ಬಂತು. ಅತ್ತಿಗೆ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ (ನನ್ನನ್ನು ಬಲ್ಲವರಿಗೆ ಇದೇ ದೊಡ್ಡ ಪವಾಡ). ಎಲ್ಲರದೂ ಆದ ಮೇಲೆ ಅಪ್ಪ ಬಾಗಿಲ ಕಡೆ ನೋಡದೆಯೇ ಚಿಟಿಕೆ ಹಿಡಿದ ಕೈಯನ್ನು ಆ ಕಡೆ ಚಾಚಿದರು. ವಿಶಾಲು ಬಂದು ಅಂಗೈ ಒಡ್ಡಿದಳು. ಅವಳದೇ ರಜೆಯ ದುಡಿಮೆ, ಅವಳದೇ ಸರದಿ, ಒಂದು ಚಿಟಿಕೆಯಾಗಿ ಅಂಗೈಗೆ ಬಿತ್ತು. ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಂಡಳು.

ನಾನು ಮೊದಲ ಬಸ್ ಬಿಟ್ಟೆ. ಅವಳನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. "ಡಬ್ಬಿ ತಗೊಂಬರ್ಲಾ? ಉಳಿದಿರೋದು ಆಗಲ್ವಾ?" ಅಂದೆ.

"ಆಗಲ್ಲ ಅತ್ತೆ. ಬೂದಿ ಬೆರ್ತೋಯ್ತು. ಗೆರೇಲಿ ಗೊತ್ತಾಗ್ಬಿಡುತ್ತೆ."

"ಹಂಗಾದ್ರೆ ಅಪ್ಪನಿಗೆ ಹೇಳ್ತೀನಿ ಈಗ್ಲೇ."

ಅವಳು ನನ್ನ ಕೈ ಹಿಡಿದುಕೊಂಡಳು. "ನೀವು ಹೇಳುದ್ರೆ ನಾನು ಇನ್ನೊಂದ್ಸಲ ಈ ಮನೆಗೆ ಬರಲ್ಲ" ಅಂದಳು. ಹಟದಲ್ಲಿ ಥೇಟ್ ನಮ್ಮಪ್ಪ.

ರಜೆ ಮುಗಿಯಲು ಎರಡು ವಾರವೂ ಇರಲಿಲ್ಲ. ಚೀಲದ ತಳದಲ್ಲಿ ಇನ್ನೂ ಕೆಲವು ಕಲ್ಲು ಉಳಿದಿದ್ದವು. ನಾನು ಮುಂದಿನ ಬಸ್ಸಿಗೆ ಹೊರಡುವಾಗಲೇ ಹಿತ್ತಿಲಿಂದ ಸುತ್ತಿಗೆಯ ಸದ್ದು ಶುರುವಾಗಿತ್ತು.

ಆ ವಾರವೆಲ್ಲ ಕ್ಲಾಸಿನಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ವ್ಯಾಕರಣ ಹೇಳುತ್ತಾ ಹೇಳುತ್ತಾ ಅಪ್ಪನ ಮೇಲೆ ಸಿಟ್ಟು ಬರುವುದು, ಮರುಕ್ಷಣ ಅವರು "ನಯ ನೋಡು, ನಯ" ಅಂದ ದನಿ ನೆನಪಾಗುವುದು. ಒಬ್ಬ ಮನುಷ್ಯ ಎರಡು ವರ್ಷ ಒಂದು ಹೆಸರನ್ನು ನುಂಗಿಕೊಂಡು ಇದ್ದದ್ದು ಸಿಟ್ಟಿಗೇನಾ? ನನಗೆ ಅದು ಆವರೆಗೆ ಸಿಟ್ಟು ಅಂತಲೇ ಕಂಡಿತ್ತು.

ಶನಿವಾರ ಹೋದಾಗ ಅತ್ತಿಗೆ ಬಾಗಿಲಲ್ಲೇ ಪಿಸುಗುಟ್ಟಿದರು. "ದಿನಾ ಕಟಕಟ ಅಂತೈತೆ. ಮಾವ ಕೇಳುಸ್ಕಂಡು ಸುಮ್ನಿದ್ದಾರೆ. ಇವತ್ತು ತೋಟಕ್ಕೂ ಹೋಗಿಲ್ಲ ಕಣೇ."

ನಾನು ಹಿತ್ತಿಲಿಗೆ ಕಾಲಿಡುವುದಕ್ಕೂ ಅಪ್ಪ ಒಳಗಿಂದ ಬರುವುದಕ್ಕೂ ಸರಿಹೋಯಿತು. ವಿಶಾಲು ಸುತ್ತಿಗೆ ಕೆಳಗಿಟ್ಟಳು. ಅಪ್ಪ ನೇರ ಹೋಗಿ ಚೀಲದಲ್ಲಿ ಕೈಹಾಕಿ ಒಂದು ಕಲ್ಲು ಎತ್ತಿಕೊಂಡರು. ತಿರುಗಿಸಿ ನೋಡಿದರು. ಒರಳಿನ ಪುಡಿ ನೋಡಿದರು. ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಆ ಕೈ ತಾನಾಗಿ ಹಣೆಗೆ ಹೋಯಿತು.

"ಇದು ಕಲ್ಲಾ?"

"ಹೂ ತಾತ."

"ಆವತ್ತು ನಾನು ಕೊಟ್ಟಿದ್ದು?"

"ಅದೂ ಇದೇ ತಾತ."

"ನಿನ್ ಕೆಲ್ಸದ್ದಾ?"

ಅವಳು ಹೌದೆಂದು ತಲೆ ಆಡಿಸಿದಳು.

"ಹಾಳಾಯ್ತಾ?"

ಮತ್ತೆ ತಲೆ ಅಲ್ಲಾಡಿಸಿದಳು. ಅಪ್ಪನ ದನಿ ಏರಿತು. "ಮತ್ಯಾಕೆ ಬಾಯಿ ಬಿಡ್ನಿಲ್ಲ ನೀನು? ಅಲ್ಲೇ ನಿಂತಿದ್ದೆ. ತಾತ, ಅದು ನಂದು ಅಂತ ಅನ್ನಕ್ಕೇನಾಗಿತ್ತು?"

ಅವಳು ನೆಲ ನೋಡಿಕೊಂಡು ಹೇಳಿದಳು. "ನೀವು ನನ್ ಹೆಸ್ರು ಹೇಳುದ್ರಿ ತಾತ. ಅದ್ಕೆ."

ಬಾವಿಯ ರಾಟೆಯ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ಅಪ್ಪ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಬಟ್ಟೆ ಒಗೆಯುವ ಬಂಡೆಯ ಮೇಲೆ ಕೂತರು. ನಾನು ಮುಖ ತಿರುಗಿಸಿಕೊಂಡೆ. ಅಪ್ಪ ಅಳುವುದನ್ನು ನಾನು ನೋಡಿಲ್ಲ, ಆವತ್ತೂ ನೋಡಲಿಲ್ಲ.

ಆಮೇಲೆ ಅವರೇ ಕಲ್ಲು ತಿರುಗಿಸುತ್ತಾ ಕೇಳಿದರು. "ಇಷ್ಟು ಕರಿ ಕಲ್ಲು ಬೂದಿ ಬಣ್ಣ ಹೆಂಗಾತು?"

ವಿಶಾಲು ಹತ್ತಿರ ಬಂದು ಕೂತಳು. "ನಯ ಆದಷ್ಟೂ ಬೆಳ್ಳಗಾಗುತ್ತೆ ತಾತ. ಪುಡಿ ಸಣ್ಣ ಆದಂಗೆ ಬೆಳಕು ಒಳಗೋಗಕ್ಕೆ ಮುಂಚೆನೇ ಚದುರಿ ವಾಪಸ್ ಬಂದ್ಬಿಡುತ್ತೆ."

"ಹಂಗಾದ್ರೆ ಚಂದ್ರನ ಮಣ್ಣು ಇನ್ನೂ ಬೆಳ್ಳಗಿರ್ಬೇಕು."

"ಇಲ್ಲ ತಾತ. ಕಪ್ಪು. ಇದ್ದಿಲು ಪುಡಿ ಇದ್ದಂಗೆ ಇರುತ್ತಂತೆ. ಅದೂ ನಯಾನೇ, ಆದ್ರೆ ಬಿಸಿಲಿಗೆ, ಮೇಲಿಂದ ಬೀಳೋ ದೂಳಿಗೆ ಸಿಕ್ಕಿ ಸಿಕ್ಕಿ ಕಪ್ಪಾಗೋಗಿದೆ. ಬಿಸಿಲು ಜೋರು, ಸುತ್ತ ಕತ್ತಲೆ. ಅದ್ಕೆ ನಮಗೆ ಬೆಳ್ಳಗೆ ಕಾಣ್ತದೆ ಅಷ್ಟೆ."

ಅಪ್ಪ ಮೇಲೆ ನೋಡಿದರು. ಹಗಲು, ಅಲ್ಲಿ ಬರೀ ತೆಂಗಿನ ಗರಿ. "ಹಾಲಿನಂಗೆ ಅಂತಾರೆ ಎಲ್ರೂವೆ. ನೀನು ಕಣ್ಣಾರೆ ನೋಡಿದೀಯಾ?"

"ಇನ್ನೂ ಇಲ್ಲ ತಾತ. ಸೀಸೆ ತೆಗೆಯೋ ಸರದಿ ಸಿಕ್ಕುದ್ರೆ ನೋಡ್ತೀನಿ."

"ಈ ಪುಡಿ ಸರಿಯಾದ್ರೆ ಸಿಕ್ತದೆ?"

"ಹೂ."

ಅವಳು ಇನ್ನೂ ಒಂದು ಮಾತು ಹೇಳಿದಳು. ಅದು ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. ಚಂದ್ರನ ಮಣ್ಣು ಬಿಸಿಲು ಬಿದ್ದರೆ ಮೇಲೆ ಮೇಲೆ ಸುಡುವಷ್ಟು ಕಾಯುತ್ತದೆ, ಬಿಸಿಲು ಸರಿದರೆ ಸ್ವಲ್ಪ ಹೊತ್ತಿಗೇ ಕೊರೆಯುತ್ತದೆ. ಆದರೆ ಒಂದು ಮೊಳ ಕೆಳಗೆ ಹೋದರೆ ಹಗಲಿಗೂ ರಾತ್ರಿಗೂ ಬಿಸಿ ಬದಲಾಗುವುದೇ ಇಲ್ಲವಂತೆ. ಮೇಲಿನ ನಯವಾದ ಪುಡಿ ಒಳಗಿನದನ್ನು ಹೊರಗೆ ಬಿಡುವುದಿಲ್ಲ, ಹೊರಗಿನದನ್ನು ಒಳಗೆ ಬಿಡುವುದಿಲ್ಲ. "ಅಮ್ಮ ಚಿಪ್ಪಿನ ಕೆಂಡಕ್ಕೆ ಬೂದಿ ಮುಚ್ಚಿ ಇಡಲ್ವಾ ಅತ್ತೆ, ಹಂಗೆ" ಅಂದಳು.

ಬೂದಿ ಮುಚ್ಚಿದ ಕೆಂಡ. ಈ ಮಾತನ್ನು ನಾನು ಮಕ್ಕಳಿಗೆ ವರ್ಷ ವರ್ಷ ಹೇಳಿಕೊಡುತ್ತೇನೆ. ಒಳಗೊಳಗೇ ಇರುವ ದ್ವೇಷ, ಹೊರಗೆ ಕಾಣದ ಸಿಟ್ಟು ಅಂತ ಅರ್ಥ ಬರೆಸುತ್ತೇನೆ. ಆದರೆ ನಮ್ಮ ಅತ್ತಿಗೆ ದಿನಾ ಕೆಂಡಕ್ಕೆ ಬೂದಿ ಮುಚ್ಚುವುದು ಯಾರ ಮೇಲಿನ ದ್ವೇಷಕ್ಕೆ? ಬೆಳಿಗ್ಗೆ ಎಲ್ಲರಿಗೂ ಕಾಫಿ ಕಾಯಿಸುವುದಕ್ಕಲ್ಲವೇ? ಕೆಂಡ ಆರಿಹೋಗದಿರಲಿ ಅಂತ ಮುಚ್ಚುವ ಬೂದಿಯನ್ನು ನಾವು ಗಾದೆಯಲ್ಲಿ ಸಿಟ್ಟಿಗೆ ಮಾತ್ರ ಕೊಟ್ಟುಬಿಟ್ಟಿದ್ದೇವೆ. ಎಷ್ಟು ಮನೆಗಳಲ್ಲಿ ಎಷ್ಟು ಅಪ್ಪಂದಿರು ಹೀಗೆ ಬೂದಿ ಮುಚ್ಚಿಕೊಂಡು ಕೂತಿದ್ದಾರೋ. ಮುಚ್ಚಿದ್ದನ್ನು ಕೆದಕದಿದ್ದರೆ ಅದೂ ಒಂದು ದಿನ ಆರುತ್ತದೆ ಅನ್ನುವುದು ಅವರಿಗೆ ಯಾರು ಹೇಳಬೇಕು?

ಇರಲಿ, ಉಪದೇಶ ಸಾಕು. ಮರುದಿನ ಭಾನುವಾರ ಪುಡಿಯನ್ನು ಸೋಸಬೇಕಿತ್ತು. ವಿಶಾಲು ಹಿತ್ತಿಲಲ್ಲಿ ನೀರು ಕದಡಿಕೊಂಡು ಕೂತಿದ್ದಳು. ಅಪ್ಪ ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಪಂಚೆ ತಂದರು. ಒಗೆದೂ ಒಗೆದೂ ಮೆತ್ತಗಾದದ್ದು, ಒಂದು ಚೂರೂ ಬೂದಿ ಸೋಕದ್ದು. ಒಂದು ತುದಿಯನ್ನು ಅವಳ ಕಡೆ ಚಾಚಿ, "ವಿಶಾಲೂ, ಹಿಡಿಯವ್ವ" ಅಂದರು.

ಅವಳು ಹಿಡಿದಳು. ಇಬ್ಬರೂ ಸಂಜೆಯ ತನಕ ಸೋಸಿದರು. ಜಗಳವೂ ಆಯಿತು ಅನ್ನಿ. "ಮೆತ್ತಗೆ ಬಗ್ಗುಸು" ಅಂತ ಇವರು, "ನೀವು ಕೈ ಅದ್ದಬ್ಯಾಡಿ ತಾತ, ಕೈಯಲ್ಲಿ ಏನೇನಿರುತ್ತೋ" ಅಂತ ಅವಳು. ಅಪ್ಪ ಮುನಿಸಿಕೊಂಡು ಎದ್ದುಹೋಗಿ ಕೈ ತೊಳೆದುಕೊಂಡು ಬಂದು ಮತ್ತೆ ಕೂತರು. ಅವಳು ತೋರಿಸಿದ ಹಾಗೇ ಮಾಡಿದರು.

ಬಂದ ಪುಡಿ ಮೊದಲಿನ ಅರ್ಧವೂ ಇರಲಿಲ್ಲ. ಮೂರು ದಿನ ಮೋಡ ಮುಚ್ಚಿಕೊಂಡಿತ್ತು, ಒಣಗಲೇ ಇಲ್ಲ. ಕೊನೆಗೆ ಒಲೆಯ ಮೇಲೆ ಹಂಚಿಟ್ಟು ಅದರ ಮೇಲೆ ತಟ್ಟೆಯಿಟ್ಟು ಅತ್ತಿಗೆಯೇ ಕಾಯಿಸಿಕೊಟ್ಟರು. ಅವಳು ಹೊರಡುವ ದಿನ ನಾನು ಸ್ಕೂಲಿಗೆ ರಜೆ ಹಾಕಿದ್ದೆ. ಅಪ್ಪ ಗೋಡೆಯ ಕಡೆ ತಿರುಗಲಿಲ್ಲ. ಕಾಲಿಗೆ ಬಿದ್ದವಳ ತಲೆ ಮುಟ್ಟಿ, ಆ ಹಾಳಾದ ಮೊದಲನೇ ಡಬ್ಬಿಯನ್ನೂ ಅವಳ ಕೈಗೆ ಕೊಟ್ಟರು. "ಇದ್ನೂ ಮಡಿಕ್ಕಂಡಿರು. ದಾರಿಗೆ."

ಹೋದ ಶುಕ್ರವಾರ ನಮ್ಮ ಸ್ಕೂಲಿಗೆ ಟ್ರಂಕ್ ಕಾಲ್ ಬಂತು. ಹೆಡ್‌ಮಿಸ್ಟ್ರೆಸ್ ಗಾಬರಿಯಾಗಿ ಜವಾನನನ್ನು ಓಡಿಸಿದರು (ಟ್ರಂಕ್ ಕಾಲ್ ಅಂದರೆ ಯಾರೋ ಹೋದರು ಅಂತಲೇ ನಮ್ಮ ಲೆಕ್ಕ). ನಾನು ಓಡಿಹೋಗಿ ಎತ್ತಿಕೊಂಡರೆ ಕೊರಕೊರ ಸದ್ದಿನ ನಡುವೆ ವಿಶಾಲು ಕಿರುಚುತ್ತಿದ್ದಳು.

"ಅತ್ತೆ, ನಂಗೇ ಕೊಟ್ರು! ಮೊದ್ಲನೇ ಸರದಿ ನಂದೇ! ಸೀಸೆ ತೆಗೆದೆ. ಕಪ್ಪೇ ಅತ್ತೆ. ನಿಜವಾಗ್ಲೂ ಕಪ್ಪು. ತಾತಂಗೆ ಹೇಳಿ."

"ಹೇಳ್ತೀನಿ ಕಣೇ, ಹೇಳ್ತೀನಿ."

"ಇನ್ನೊಂದಿದೆ. ತಾತ ಕೊಟ್ಟ ಡಬ್ಬೀದೂ ಹಾಕಿ ನೋಡ್ದೆ. ಗೆರೇಲಿ ಒಂದು ಗುಳಿ ಜಾಸ್ತಿ ಬಂತು. ಕಲ್ಲಿಗೆ ಬರದೇ ಇರೋ ಗುಳಿ. ಗೈಡ್ ಬೆರಳಿಟ್ಟು ಇದೇನು ಅಂದ್ರು. ನಾನು..."

"ಏನಂದೆ?"

"ಅದು ನಮ್ ತಾತ ಸಾರ್ ಅಂದೆ."

ಫೋನ್ ಕಟ್ಟಾಯಿತು. ನಾನು ಹೆಡ್‌ಮಿಸ್ಟ್ರೆಸ್ ಮುಂದೆ ಅಳುತ್ತಾ ನಗುತ್ತಾ ನಿಂತಿದ್ದೆ. ಅವರು ಯಾರೋ ಹೋದರು ಅಂತಲೇ ತಿಳಿದು ನೀರು ತರಿಸಿದರು.

ಮಾರನೇ ದಿನ ಹಾಲ್ಕುರಿಕೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಕಪ್ಪು ಅನ್ನುವುದಕ್ಕೆ ತಲೆದೂಗಿದರು. ಗುಳಿಯ ವಿಷಯಕ್ಕೆ ಮಾತ್ರ ಎರಡು ಸಲ ಕೇಳಿದರು. "ನಾನ್ ಹಾಕಿದ್ದು ಒಂದ್ ಚಿಟಿಕೆ ಕಣವ್ವ. ಅಷ್ಟಕ್ಕೂ ಕಾಣ್ತಂತಾ?"

"ಕಂಡಿತಂತೆ ಅಪ್ಪ."

ಟ್ರಾನ್ಸಿಸ್ಟರ್ ಆವತ್ತು ಸಂಜೆ ಹಾಕಲೇ ಇಲ್ಲ.

ಮೊನ್ನೆ ಸೋಮವಾರ ಪೂಜೆಗೆ ಓಣಿಯವರು ಬಂದರು. ಗುಡ್ಡದ ವಿಷಯವನ್ನು ಅಪ್ಪ ಮುಚ್ಚಿಟ್ಟಿಲ್ಲ. ಗೊತ್ತಾದ ಮರುವಾರವೇ ಎಲ್ಲರ ಮುಂದೆ "ನಾನ್ ಕೊಟ್ಟಿದ್ದು ಕಲ್ಲಿನ ಪುಡಿ ಕಣ್ರಪ್ಪ, ತಪ್ಪಾಯ್ತು" ಅಂತ ಹೇಳಿಬಿಟ್ಟಿದ್ದಾರೆ. "ಶಿವನೇ ಕಲ್ಲು, ಬುಡಿ ಗೌಡ್ರೇ" ಅಂದಿದ್ದರು ಅವರು. ಮೊನ್ನೆ ಮಂಡಿ ನಂಜಪ್ಪ ಕೈಗೆ ಬಿದ್ದ ಬಿಳೀ ವಿಭೂತಿಯನ್ನು ನೋಡಿ ಮುಖ ಸಣ್ಣದು ಮಾಡಿಕೊಂಡರು.

"ಇದಲ್ಲ ಕಣ್ರೀ. ಆ ಕಲ್ಲಿಂದು ಒಂಚೂರು ಕೊಡಿ. ಹಣೆಗಿಟ್ಟಿದ್ದೇ ತಣ್ಣಗಾಗಿ ತಲೆನೋವು ಹೋಗಿತ್ತು ನಂಗೆ."

ಅಪ್ಪ ಡಬ್ಬಿ ಮುಚ್ಚುತ್ತಾ, ತಲೆ ಎತ್ತದೆ, ತೆಂಗಿನಕಾಯಿಯ ರೇಟು ಹೇಳುವ ದನಿಯಲ್ಲಿ ಹೇಳಿದರು. "ಅದು ಮುಗೀತು ಕಣಪ್ಪ. ನಮ್ ವಿಶಾಲು ಚಂದ್ರನ್ ಪಕ್ಕಕ್ಕೆ ಇಡಕ್ಕೆ ತಗಂಡೋದ್ಲು."

ಹಾಲಿನಂಥ ಚಂದ್ರ ಇದ್ದಿಲು, ಕರಿಕಲ್ಲು ವಿಭೂತಿ, ಎರಡು ವರ್ಷದ ಸಿಟ್ಟು ಸಿಟ್ಟೇ ಅಲ್ಲ. ಇಷ್ಟಾದ ಮೇಲೂ ನೀವು ಬರಿಗಣ್ಣನ್ನು ನಂಬುತ್ತೀರಾ?